ಎಡದ್ದು ಕೇಳುವುದಿಲ್ಲ

2023ರ ಬೇಸಿಗೆ. ಮುಂಬಯಿಯ ದಾದರಿನಲ್ಲಿರುವ ಒಂದು ಆಡಿಯೋ ಅಂಗಡಿಯಲ್ಲಿ ಆಗ ನಾನು ಡೆಮೊ ಮತ್ತು ಇನ್‌ಸ್ಟಲೇಶನ್ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗ ಎಂದರೆ ಇಬ್ಬರೇ: ನಾನು ಮತ್ತು ನನಗಿಂತ ಆರು ವರ್ಷ ದೊಡ್ಡವರಾದ ಇಕ್ಬಾಲ್ ಭಾಯ್. ನಾವು ಮಾರುತ್ತಿದ್ದದ್ದು ಗಣಪತಿ ಮಂಟಪಕ್ಕೆ ಹಾಕುವ ಸ್ಪೀಕರುಗಳನ್ನಲ್ಲ. ಮನೆಯಲ್ಲಿ ಒಬ್ಬರೋ ಇಬ್ಬರೋ ಕೂತು ಕೇಳುವ ದುಬಾರಿ ಸ್ಟೀರಿಯೋಗಳನ್ನು. ಒಂದು ಜೋಡಿ ಸ್ಪೀಕರಿನ ಬೆಲೆಗೆ ಒಂದು ಸಣ್ಣ ಕಾರು ಬರುತ್ತದೆ. ಹಾಗಾಗಿ ಗಿರಾಕಿಗಳು ಒಮ್ಮೆ ಕೇಳಿ, ಮನೆಗೆ ಹೋಗಿ ಯೋಚಿಸಿ, ಮತ್ತೆ ಬಂದು ಕೇಳಿ ಆರಿಸುತ್ತಾರೆ. ಆ ಆಯ್ಕೆಗೆ ನೆರವಾಗುವುದು ನನ್ನ ಕೆಲಸ. ಅಷ್ಟರಲ್ಲಿ ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದೆ.

ನಾನು ಬೆಳೆದದ್ದು ಕುರ್ಲಾದ ಚಾಳಿನಲ್ಲಿ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು, ಇಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಬಾಗಿಲು ಕಿಟಕಿ ಕೂರಿಸುತ್ತಿದ್ದ ಬಡಿಗ; ನಮ್ಮ ಅಡ್ಡಹೆಸರೂ ಬಡಿಗೇರ. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ ಅದರ ಗುಣ ಹೇಳುವುದನ್ನು ಅವರಿಂದ ಕಲಿತೆ. ಸ್ಪೀಕರೂ ಕೊನೆಗೆ ಒಂದು ಪೆಟ್ಟಿಗೆಯೇ. ಅಂಗಡಿಗೆ ಬರುವ ಕನ್ನಡ ಗಿರಾಕಿಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು. ಅವರ ಮಾತು ನನಗೆ ಚೆನ್ನಾಗಿ ಗೊತ್ತು ಎಂಬ ನಂಬಿಕೆ ನನಗಿತ್ತು. ನಾನು ಎಡವಿದ್ದು ಅಲ್ಲಿಯೇ.

ಸಂಜೀವ ಶೆಟ್ಟರು ಬಂದದ್ದು ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ. ವಯಸ್ಸು ಅರವತ್ತನಾಲ್ಕು. ವಿಕ್ರೋಳಿ ಸ್ಟೇಷನ್ನಿನ ಬಳಿ ಮೂವತ್ತೊಂದು ವರ್ಷ ಹೋಟೆಲ್ ನಡೆಸಿ, ಆ ವರ್ಷವೇ ಅದನ್ನು ಅಕ್ಕನ ಮಗನಿಗೆ ಬಿಟ್ಟುಕೊಟ್ಟಿದ್ದರು. ಜೊತೆಗೆ ಹೆಂಡತಿ ಗಿರಿಜಕ್ಕ. ನಾನು ಕೇಳಿಸಿದ್ದು ಎರಡು ಮಾಡೆಲ್. ಮೊದಲನೆಯದು ಫ್ಲೋರ್‌ಸ್ಟ್ಯಾಂಡರ್, ಅಂದರೆ ನೆಲದ ಮೇಲೆಯೇ ನಿಲ್ಲುವ, ಎದೆಮಟ್ಟದ ದೊಡ್ಡ ಪೆಟ್ಟಿಗೆ. ಎರಡನೆಯದು ಬುಕ್‌ಶೆಲ್ಫ್, ಅಂದರೆ ಸ್ಟ್ಯಾಂಡಿನ ಮೇಲಿಡುವ ಸಣ್ಣ ಪೆಟ್ಟಿಗೆ. ಬೆಲೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ಶೆಟ್ಟರು ದೊಡ್ಡದರ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದರು. “ಇದು ನಮ್ಮ ಹೋಟೆಲಿನ ಫ್ರಿಜ್ಜಿಗಿಂತ ಚಂದ ಉಂಟು ಮಾರಾಯ್ರೆ.”

“ಅದರೊಳಗೆ ಹಾಲು ಇಡ್ಲಿಕ್ಕೆ ಆಗ್ತದಾ ಕೇಳಿ,” ಎಂದರು ಗಿರಿಜಕ್ಕ.

ಶೆಟ್ಟರು ಧ್ವನಿಯನ್ನು ಅಡುಗೆಯ ಮಾತಿನಲ್ಲಿ ಅಳೆಯುತ್ತಿದ್ದರು. ಟ್ರೆಬಲ್, ಅಂದರೆ ಮೇಲಿನ ಸ್ವರಗಳ ಹೊಳಪು, ಹೆಚ್ಚಾದರೆ “ಒಗ್ಗರಣೆ ಜಾಸ್ತಿ ಆಯ್ತು” ಎನ್ನುವರು. ಬಾಸ್ ದಪ್ಪವಾದರೆ “ಹಿಟ್ಟು ಗಟ್ಟಿ” ಎನ್ನುವರು. ಇಷ್ಟು ವರ್ಷಗಳಲ್ಲಿ ಅಷ್ಟು ಖಚಿತವಾಗಿ ಹೇಳಿದ ಗಿರಾಕಿಗಳನ್ನು ಕೈಬೆರಳಿನಲ್ಲಿ ಎಣಿಸಬಹುದು. ಯಕ್ಷಗಾನದ ಒಂದು ಧ್ವನಿಮುದ್ರಣವನ್ನು ಅವರೇ ಪೆನ್‌ಡ್ರೈವಿನಲ್ಲಿ ತಂದಿದ್ದರು. ಚೆಂಡೆಗೆ ದೊಡ್ಡ ಪೆಟ್ಟಿಗೆ ಹಿಡಿಸಿತು. ಸಣ್ಣದರಲ್ಲಿ ಅದೇ ಚೆಂಡೆ ಹಾಕಿದಾಗ ತಲೆಯಾಡಿಸಿದರು.

“ಹದ ಉಂಟು. ಆದ್ರೆ ಎದೆಗೆ ಬರೂದಿಲ್ಲ.”

“ಎದೆಗೆ ಬರ್ಬೇಕಂತೆ! ಮೊದ್ಲೇ ಬಿಪಿ ಉಂಟು ಇವರಿಗೆ.”

“ನೀನು ಸುಮ್ನೆ ಕೂತ್ಕೋ ಮಾರಾಯ್ತಿ. ಮೂವತ್ತೊಂದು ವರ್ಷ ಗ್ರೈಂಡರಿನ ಸ್ವರ ಕೇಳಿದ್ದೇನೆ, ಪಾತ್ರೆ ಬೀಳುವ ಸ್ವರ ಕೇಳಿದ್ದೇನೆ. ಇನ್ನಾದ್ರೂ ಕೂತು ಒಳ್ಳೇದು ಕೇಳ್ತೇನೆ.”

ಅವರು ಬಂದದ್ದು ಅಷ್ಟಕ್ಕೇ. ಉಳಿದ ವರ್ಷಗಳಲ್ಲಿ ಕೂತು ಕೇಳಬೇಕು.

ಆಮೇಲೆ ನಾನು ಎಲ್ಲ ಗಿರಾಕಿಗಳಿಗೂ ಮಾಡುವ ಪರೀಕ್ಷೆ ಮಾಡಿದೆ. ತಂಬೂರಿಯೊಂದರ ಜೊತೆಗೆ ಹೆಂಗಸೊಬ್ಬಳು ಹಾಡುವ ಸರಳ ಧ್ವನಿಮುದ್ರಣ ನಮ್ಮಲ್ಲಿದೆ. ಅವಳ ಸ್ವರ ಎಡ ಬಲ ಎರಡೂ ಸ್ಪೀಕರುಗಳಿಂದ ಸಮನಾಗಿ ಬರುತ್ತದೆ. ಸಮನಾಗಿ ಬಂದರೆ ನಮ್ಮ ಕಿವಿಗೆ ಅವಳು ಎರಡರ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ನಿಂತು ಹಾಡಿದಂತೆ ಅನಿಸುತ್ತದೆ. ಸ್ಟೀರಿಯೋ ಎಂಬುದರ ಗುಟ್ಟೇ ಇದು, ಅದಕ್ಕೆ ಎರಡು ಕಿವಿ ಬೇಕು. ಶೆಟ್ಟರಿಗೆ ಕಣ್ಣು ಮುಚ್ಚಿ, ಕೈ ಉದ್ದಕ್ಕೆ ಚಾಚಿ, ಹಾಡುವವಳು ಎಲ್ಲಿದ್ದಾಳೆ ತೋರಿಸಿ ಎಂದೆ. ಬೆರಳು ನೇರ ನಡುವಿಗೆ ಹೋಯಿತು. ದೊಡ್ಡದರಲ್ಲೂ ನಡುವೆ, ಸಣ್ಣದರಲ್ಲೂ ನಡುವೆ. ಇದನ್ನು ನಾನು ಡೆಮೊ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಆ ದಿನ ಅವರ ಎರಡೂ ಕಿವಿ ಸರಿಯಿದ್ದವು.

ಎರಡು ಗಂಟೆಯಾದರೂ ಅವರಿಗೆ ಆರಿಸಲು ಆಗಲಿಲ್ಲ. ಕೋಣೆ ಬದಲಾದರೆ ಸ್ಪೀಕರಿನ ದನಿ ಬದಲಾಗುತ್ತದೆ. ಅಂಗಡಿಯಲ್ಲಿ ಹದವಾದದ್ದು ಮನೆಯಲ್ಲಿ ಗುಂಯ್‌ಗುಡಬಹುದು. ಆದ್ದರಿಂದ ಎರಡೂ ಜೋಡಿಯನ್ನು ಕೆಲವು ದಿನ ಅವರ ಮನೆಯಲ್ಲೇ ಇಡುವುದೆಂದು ಮಾತಾಯಿತು.

ಎರಡು ವಾರದ ನಂತರ ಒಂದು ಗುರುವಾರ ಮಧ್ಯಾಹ್ನ ಪೆಟ್ಟಿಗೆಗಳು ವಿಕ್ರೋಳಿಗೆ ಹೋದವು. ಇಕ್ಬಾಲ್ ಭಾಯ್ ತಂಗಿಯ ಮಗಳ ನಿಕಾಹ್ ಎಂದು ರಜೆಯಲ್ಲಿದ್ದರು. ಟೆಂಪೋದವರಿಬ್ಬರು ಪೆಟ್ಟಿಗೆಗಳನ್ನು ಏಳನೆಯ ಮಹಡಿಗೆ ತಂದಿಟ್ಟು ಹೋದರು. ಉಳಿದದ್ದು ನಾನೊಬ್ಬನೇ.

ಆ ಹಾಲನ್ನು ವಿವರಿಸಬೇಕು, ಯಾಕೆಂದರೆ ನನ್ನನ್ನು ದಾರಿ ತಪ್ಪಿಸಿದ್ದರಲ್ಲಿ ಅದರದೂ ಪಾಲಿದೆ. ಕೂತು ಸ್ಪೀಕರುಗಳ ಕಡೆ ನೋಡಿದರೆ ಬಲಗಡೆ ಗಟ್ಟಿ ಗೋಡೆ. ಎಡಗಡೆ ಬಾಲ್ಕನಿ, ಅದಕ್ಕೆ ಜಾರುವ ಬಾಗಿಲು, ತೆಳು ಪರದೆ. ಸ್ಪೀಕರುಗಳ ನಡುವೆ ಎಂಟು ಅಡಿ. ಅವುಗಳ ನಡುವಿನ ಗೋಡೆಯ ಮೇಲೆ ಒಂದು ಗಡಿಯಾರ. ಗಡಿಯಾರಕ್ಕೆ ಎದುರಾಗಿ, ಎಂಟಡಿ ಹಿಂದೆ, ಶೆಟ್ಟರ ಕುರ್ಚಿ. ಅದು ಹೋಟೆಲಿನ ಗಲ್ಲಾದಲ್ಲಿ ಅವರು ಮೂವತ್ತೊಂದು ವರ್ಷ ಕೂತ ಸಾಗುವಾನಿಯ ಕುರ್ಚಿ. ಹೋಟೆಲ್ ಬಿಟ್ಟುಕೊಟ್ಟಾಗ ಅವರು ಮನೆಗೆ ತಂದ ವಸ್ತು ಅದೊಂದೇ. ಅದನ್ನು ಎತ್ತಲು ಇಬ್ಬರು ಬೇಕು.

ಮೊದಲು ದೊಡ್ಡ ಜೋಡಿಯನ್ನು ಜೋಡಿಸಿ ಹಾಡುವವಳನ್ನು ಹಾಕಿದೆ. ಶೆಟ್ಟರು ಕಣ್ಣು ಮುಚ್ಚಿ ಕೈ ಚಾಚಿದರು. ಬೆರಳು ಬಲಗಡೆಯ ಪೆಟ್ಟಿಗೆಯ ಹತ್ತಿರಕ್ಕೆ ಹೋಯಿತು. ಕಣ್ಣು ಬಿಟ್ಟು ಹೇಳಿದರು:

“ಬಡಿಗೇರ್ರೆ, ಎಡದ್ದು ಕೇಳೂದಿಲ್ಲ.”

“ನಾ ನೋಡ್ತೀನಿ ತಡೀರಿ ಶೆಟ್ರ,” ಎಂದೆ.

ನಮ್ಮ ಕೆಲಸದಲ್ಲಿ ಇಂಥ ದೂರಿಗೆ ಮೂರು ಹೆಜ್ಜೆಯ ಪರೀಕ್ಷೆ ಇದೆ. ಮೊದಲನೆಯದು, ತಂತಿ ಅದಲುಬದಲು: ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ. ದೋಷ ಜಾಗ ಬದಲಿಸಿದರೆ ಅದು ಸ್ಪೀಕರುಗಳಿಗೆ ಸದ್ದು ಕಳಿಸುವ ಆಂಪ್ಲಿಫೈಯರಿನದು. ಬದಲಿಸಲಿಲ್ಲ. ಎರಡನೆಯದು, ಪೆಟ್ಟಿಗೆಗಳನ್ನೇ ಅದಲುಬದಲು ಮಾಡುವುದು. ದೋಷ ಪೆಟ್ಟಿಗೆಯ ಹಿಂದೆ ಹೋದರೆ ಅದು ಪೆಟ್ಟಿಗೆಯದು. ಹೋಗಲಿಲ್ಲ. ಸಣ್ಣ ಜೋಡಿಯನ್ನೂ ಹಾಕಿ ನೋಡಿದೆ. ಆಗಲೂ ಅವಳು ಬಲಕ್ಕೇ ಇದ್ದಳು. ಉಳಿದದ್ದು ಎರಡೇ ಸಾಧ್ಯತೆ: ಕೋಣೆ ಅಥವಾ ಕೇಳುವವರ ಕಿವಿ. ಅದಕ್ಕೇ ಮೂರನೆಯ ಹೆಜ್ಜೆ. ಕೇಳುವವರನ್ನು ಬೆನ್ನು ತಿರುಗಿಸಿ ಕೂರಿಸಬೇಕು. ಆಗಲೂ ಸ್ವರ ಗೋಡೆಯ ಕಡೆಗೇ ವಾಲಿದ್ದರೆ ಕೋಣೆಯ ದೋಷ. ಅದು ಬಾಲ್ಕನಿಯ ಕಡೆಗೆ ಬಂದರೆ, ಕೇಳುವವರ ಜೊತೆಗೆ ತಿರುಗಿತು ಎಂದರ್ಥ. ಅಂದರೆ ಕಿವಿಯ ದೋಷ.

ಆ ಮೂರನೆಯ ಹೆಜ್ಜೆಯನ್ನು ನಾನು ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕುರ್ಚಿ ಭಾರವಿತ್ತು, ನಾನೊಬ್ಬನೇ ಇದ್ದೆ. ಇದು ನಿಜ. ಹಿರಿಯರನ್ನು, ಅವರದೇ ಮನೆಯಲ್ಲಿ, ಅವರು ಯಜಮಾನರಾಗಿ ಕೂತ ಕುರ್ಚಿಯಿಂದ ಎಬ್ಬಿಸಿ ಬೆನ್ನು ಹಾಕಿ ಕೂತುಕೊಳ್ಳಿ ಎನ್ನಲು ನಾಲಿಗೆ ಬರಲಿಲ್ಲ. ಇದೂ ನಿಜ. ಅದೇ ಹೊತ್ತಿಗೆ ಗಿರಿಜಕ್ಕ ನೀರುದೋಸೆ ತಂದು ಮುಂದಿಟ್ಟಿದ್ದರು. ಆದರೆ ಇವಕ್ಕಿಂತ ದೊಡ್ಡ ಕಾರಣ, ಉತ್ತರ ಆಗಲೇ ನನ್ನ ಕಣ್ಣ ಮುಂದಿತ್ತು ಎಂಬುದು. ಬಲಗಡೆ ಗೋಡೆ ಸದ್ದನ್ನು ಹಿಂದಕ್ಕೆ ಎಸೆಯುತ್ತದೆ. ಎಡಗಡೆ ತೆರೆದ ಬಾಲ್ಕನಿ ಅದನ್ನು ಹೊರಗೆ ಬಿಡುತ್ತದೆ. ಹೊಸಬರಿಗೆ ತರಬೇತಿ ಕೊಡುವಾಗ ನಾನೇ ಹಲಗೆಯ ಮೇಲೆ ಬರೆಯುವ ಚಿತ್ರ ಅದು.

“ಕೋಲಿದ್ದ ತಪ್ಪು ಐತ್ರಿ, ಪೆಟ್ಟಿಗೀದಲ್ಲ,” ಎಂದೆ. ಕೋಲಿ ಎಂದರೆ ನಮ್ಮ ಕಡೆ ಕೋಣೆ. “ಬಾಲ್ಕನಿ ಅದಲ್ಲ, ಎಡಗಡೀದು ಹೊರಗ ಹೊಂಟದ.”

“ಹೌದಾ? ಕೋಣೆದ್ದಾ?” ಶೆಟ್ಟರು ಬಾಲ್ಕನಿಯ ಕಡೆ ನೋಡಿದರು. ಅವರ ಮುಖದಲ್ಲಿ ಏನೋ ಸಡಿಲವಾದಂತೆ ಕಂಡಿತು. “ಹಾಗಾದ್ರೆ ಅಡ್ಡಿಲ್ಲ.”

ಆಂಪ್ಲಿಫೈಯರಿನ ರಿಮೋಟಿನಲ್ಲಿ ಬ್ಯಾಲೆನ್ಸ್ ಎಂಬ ಗುಂಡಿ ಇದೆ. ಎಡ ಬಲದಲ್ಲಿ ಒಂದನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸುವುದು ಅದರ ಕೆಲಸ. ನಾನು ಎಡಕ್ಕೆ ನಾಲ್ಕು ಸಲ ಒತ್ತಿದೆ. ಶೆಟ್ಟರ ಬೆರಳು ನಿಧಾನವಾಗಿ ಸರಿದು ಗಡಿಯಾರದ ಕೆಳಗೆ ನಿಂತಿತು. “ಬಂದ್ಲು!” ಎಂದರು. ನಾನು ದೋಸೆ ತಿಂದೆ.

ಹೊರಡುವಾಗ ಇನ್ನೊಂದು ಸಂಗತಿ ನೋಡಿದೆ. ಶೆಟ್ಟರಿಗೆ ಫೋನ್ ಬಂತು. ಗಲ್ಲಾದಲ್ಲಿ ಬಲಗೈ ಯಾವಾಗಲೂ ಕೆಲಸದಲ್ಲಿರುತ್ತಿದ್ದುದರಿಂದ ಎಡಗಿವಿಗೆ ಫೋನ್ ಒತ್ತಿ ಭುಜದಲ್ಲಿ ಹಿಡಿದುಕೊಳ್ಳುವುದು ಅವರ ರೂಢಿ. ಅಂಗಡಿಯಲ್ಲೂ ಹಾಗೆಯೇ ಮಾತಾಡಿದ್ದರು. ಆ ದಿನವೂ ಎಡಕ್ಕೆ ಹಿಡಿದರು. “ಹಲೋ, ಹಲೋ” ಎಂದು ಎರಡು ಸಲ ಕೂಗಿ, ಬಲಕ್ಕೆ ಬದಲಿಸಿದರು. “ಈ ಬಿಲ್ಡಿಂಗಿನಲ್ಲಿ ನೆಟ್‌ವರ್ಕ್ ಒಂದು ಇಲ್ಲ” ಎಂದು ಗೊಣಗಿದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ನೋಡಿದೆ, ಲಿಫ್ಟಿನ ಗುಂಡಿ ಒತ್ತಿದೆ.

ಭಾನುವಾರ ಬೆಳಿಗ್ಗೆ ಅವರೇ ಫೋನ್ ಮಾಡಿದರು. “ನಿಮ್ಮ ಹಾಡುವವಳು ಮತ್ತೆ ಬಲಕ್ಕೆ ಹೋಗಿದ್ದಾಳೆ ಮಾರಾಯ್ರೆ.”

“ಬಾಲ್ಕನಿ ಬಾಗಲಾ ತಗದದೇನ್ರಿ?”

“ತೆರೆದುಂಟು. ಸೆಕೆ ಅಲ್ವಾ?”

“ಮತ್ತ ಅದಕ್ಕ. ರಿಮೋಟಿನ್ಯಾಗ ಎಡಗಡೆ ಬಾಣ ಅದಲ್ರಿ, ಇನ್ನ ನಾಕ ಸಲ ಒತ್ರಿ.”

ಆ ಕಡೆಯಿಂದ ಸಣ್ಣ ಸದ್ದು ನಾಲ್ಕು ಸಲ ಕೇಳಿಸಿತು. “ಹಾಂ, ಬಂದ್ಲು. ನೀವು ಹೇಳಿದ ಹಾಗೆ ಕೇಳ್ತಾಳೆ ಇವಳು. ನಮ್ಮ ಮನೆಯವಳ ಹಾಗಲ್ಲ.” ಇಬ್ಬರೂ ನಕ್ಕೆವು.

ಸೋಮವಾರ ಅಂಗಡಿಗೆ ರಜೆ. ಮಂಗಳವಾರ ಇಕ್ಬಾಲ್ ಭಾಯ್ ನಿಕಾಹ್ ಮುಗಿಸಿ, ನನಗೊಂದು ಡಬ್ಬಿ ಮಿಠಾಯಿ ಹಿಡಿದು ಬಂದರು. ಚಹಾ ಕುಡಿಯುತ್ತ ವಿಕ್ರೋಳಿಯ ಕೆಲಸ ವಿವರಿಸಿದೆ. ಅವರು ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತ ಕೇಳಿದರು:

“ಬ್ಯಾಲೆನ್ಸ್ ಕಿತನಾ ದಿಯಾ?”

“ಆಠ್,” ಎಂದೆ. ಗುರುವಾರ ನಾಲ್ಕು, ಭಾನುವಾರ ನಾಲ್ಕು, ಒಟ್ಟು ಎಂಟು.

ಅವರ ದವಡೆ ನಿಂತಿತು. “ಆಠ್? ಬಾಲ್ಕನಿ ಕೆ ಲಿಯೆ?” ಆಮೇಲೆ ಕೇಳಿದರು, “ಕುರ್ಸಿ ಘುಮಾಯಿ?”

ಕುರ್ಚಿ ತಿರುಗಿಸಿದೆಯಾ? ಇಷ್ಟೇ ಅವರು ಕೇಳಿದ್ದು. ನನ್ನ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟದ್ದು ನೆನಪಿದೆ. ತೆರೆದ ಬಾಗಿಲಿನಿಂದ ಗುಂಡಿಯನ್ನು ಒಂದೋ ಎರಡೋ ಸಲ ಒತ್ತುವಷ್ಟು ವ್ಯತ್ಯಾಸವಾಗುತ್ತದೆ, ಹೆಚ್ಚೆಂದರೆ ಮೂರು. ಎಂಟು ಆಗುವುದಿಲ್ಲ. ಅದು ನನಗೆ ಗೊತ್ತಿದ್ದ ಲೆಕ್ಕ. ಅಲ್ಲದೆ ಬಾಗಿಲು ಗುರುವಾರಕ್ಕಿಂತ ಭಾನುವಾರ ಹೆಚ್ಚು ತೆರೆದಿರಲು ಸಾಧ್ಯವಿಲ್ಲ; ಗುರುವಾರವೂ ಅದು ಪೂರ್ತಿ ತೆರೆದೇ ಇತ್ತು. ಹೆಚ್ಚುತ್ತ ಹೋದದ್ದು ಬೇರೆ ಏನೋ.

ಅಲ್ಲಿಂದಲೇ ಗಿರಿಜಕ್ಕನಿಗೆ ಫೋನ್ ಮಾಡಿದೆ. “ಅಕ್ಕಾ, ಶೆಟ್ರು ಫೋನ್ ಯಾವ ಕಿವಿಗೆ ಹಿಡೀಲಿಕ್ಕತ್ತಾರ?”

“ಅದೆಂತ ಪ್ರಶ್ನೆ? ಈಗ ಬಲದ್ದಕ್ಕೆ. ಎಡದ್ದರೊಳಗೆ ನೀರು ಹೋಗಿದೆಯಂತೆ. ಎಣ್ಣೆ ಬಿಸಿ ಮಾಡಿ ಬಿಟ್ಟಿದ್ದೇನೆ.”

“ಯಾವಾಗಿಂದ?”

“ನೀವು ಪೆಟ್ಟಿಗೆ ತಂದ್ರಲ್ಲ, ಅವತ್ತು ಬೆಳಿಗ್ಗೆ ಎದ್ದಾಗಿನಿಂದ.”

ಇನ್ನು ಎಣ್ಣೆ ಬಿಡಬೇಡಿ, ಕಿವಿಯ ಡಾಕ್ಟರಲ್ಲಿ ಈ ದಿನವೇ ಸಮಯ ಕೇಳಿ, ನಾವು ಬರುತ್ತಿದ್ದೇವೆ ಎಂದೆ. ಇಕ್ಬಾಲ್ ಭಾಯ್ ಜೊತೆಗೆ ಎದ್ದರು. ದಾದರಿನಿಂದ ಸ್ಲೋ ಲೋಕಲ್ ಹಿಡಿದೆವು. ನಾನು ಬೆಳೆದ ಕುರ್ಲಾ ಬಂದಾಗ ಜನ ನುಗ್ಗಿ ನಮ್ಮಿಬ್ಬರನ್ನು ಬಾಗಿಲಿನಿಂದ ಒಳಕ್ಕೆ ತಳ್ಳಿದರು. ನಾನು ಒಂದು ಕೈಯಿಂದ ಎಡಗಿವಿ ಮುಚ್ಚಿ ಕೇಳಿದೆ. ಗಾಡಿಯ ಸದ್ದೆಲ್ಲ ಬಲಗಡೆಗೆ ಸೇರಿಕೊಂಡಿತು. ಕೈ ತೆಗೆದೆ.

ನಾವು ಹೋದಾಗ ಶೆಟ್ಟರು ಕುರ್ಚಿಯಲ್ಲೇ ಇದ್ದರು. ಡಾಕ್ಟರ ಮಾತು ಬಂದದ್ದು ಅವರಿಗೆ ಹಿಡಿಸಿರಲಿಲ್ಲ. “ಕಿವಿಗೆ ನೀರು ಹೋದದ್ದಕ್ಕೆ ಡಾಕ್ಟ್ರಾ? ಇವಳು ಸುಮ್ನೆ ಹೆದರ್ತಾಳೆ.” ಬರೀ ಬಾಯಿಮಾತಿನಿಂದ ಅವರು ಏಳುವವರಲ್ಲ ಎಂದು ಗೊತ್ತಾಯಿತು. ಮೊದಲು ಬ್ಯಾಲೆನ್ಸನ್ನು ಸೊನ್ನೆಗೆ ತಂದೆ. ಆಮೇಲೆ ಐದು ದಿನದ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದೆ.

“ಶೆಟ್ರ, ಒಂದೀಟ ಏಳ್ರಿ. ಕುರ್ಚಿ ತಿರುಗಸ್ಬೇಕು.”

“ಎಂತ, ಗೋಡೆ ನೋಡ್ಕೊಂಡು ಕೂರ್ಲಿಕ್ಕಾ? ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಹೀಗೆ ಕೂರಿಸ್ತಿದ್ರು ನನ್ನನ್ನು.” ನಗುತ್ತಲೇ ಎದ್ದರು. ನಾನು ಮತ್ತು ಇಕ್ಬಾಲ್ ಭಾಯ್ ಎರಡು ಕಡೆ ಹಿಡಿದು ಕುರ್ಚಿಯನ್ನು ತಿರುಗಿಸಿಟ್ಟೆವು. ಅವರು ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತರು. ಈಗ ಅವರ ಬಲಕ್ಕೆ ಬಾಲ್ಕನಿ, ಎಡಕ್ಕೆ ಗೋಡೆ. ಹಾಡು ಹಾಕಿದೆ. ಕಣ್ಣು ಮುಚ್ಚಿ, ಸ್ವರ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆ ಕೈ ಚಾಚಿ ಎಂದೆ.

ಕೈ ಬಲಕ್ಕೆ ಚಾಚಿತು. ಅವರು ಕಣ್ಣು ಬಿಟ್ಟರು. ತಮ್ಮದೇ ಬೆರಳು ಬಾಲ್ಕನಿಯ ಪರದೆಯನ್ನು ತೋರಿಸುತ್ತಿರುವುದನ್ನು ನೋಡಿದರು. ಕೈ ಕೆಳಗಿಳಿಸಲಿಲ್ಲ.

“ಎಡದ್ದು ಹೊರಗೆ ಹೋಗ್ತದೆ ಅಂದ್ರಿ. ಈಗ ಆ ಕಡೆಯದ್ದೇ ಜೋರುಂಟು.”

“ಹೌದ್ರಿ.”

“ಹಾಗಾದ್ರೆ ಕೋಣೆದ್ದಲ್ಲ.”

“ಅಲ್ರಿ.”

ಹಾಡು ನಡೆದೇ ಇತ್ತು. ಇಕ್ಬಾಲ್ ಭಾಯ್ ಹೋಗಿ ನಿಲ್ಲಿಸಿದರು. ಶೆಟ್ಟರು ಕೈ ಇಳಿಸಿ ಮಡಿಲಲ್ಲಿಟ್ಟುಕೊಂಡು, ಬೇಸರವೂ ಇಲ್ಲದ, ಸಿಟ್ಟೂ ಇಲ್ಲದ ದನಿಯಲ್ಲಿ ಹೇಳಿದರು:

“ನಾನು ಅವತ್ತೇ ಹೇಳಿದ್ದಲ್ವಾ ಬಡಿಗೇರ್ರೆ? ಎಡದ್ದು ಕೇಳೂದಿಲ್ಲ ಅಂತ.”

ಆಗ ನನಗೆ ಆ ಮಾತು ಅರ್ಥವಾಯಿತು. ನಮ್ಮ ಕಡೆ ಸದ್ದು ಕಿವಿಗೆ ಮುಟ್ಟದಿದ್ದರೆ ‘ಕೇಳಸೂದಿಲ್ಲ’ ಎನ್ನುತ್ತೇವೆ. ಕರಾವಳಿಯವರು ಎಲ್ಲಕ್ಕೂ ‘ಕೇಳುವುದಿಲ್ಲ’ ಎನ್ನುತ್ತಾರೆ. ರೇಡಿಯೋ ಕೇಳುವುದಿಲ್ಲ ಎಂದರೆ ಅದರ ಸದ್ದು ಬರುತ್ತಿಲ್ಲ. ಕಿವಿ ಕೇಳುವುದಿಲ್ಲ ಎಂದರೆ ಕಿವಿ ಕಿವುಡಾಗಿದೆ. ಇದು ನನಗೆ ಗೊತ್ತಿತ್ತು. ಗೊತ್ತಿದೆ ಎಂಬ ಹಮ್ಮಿನಲ್ಲೇ, ಎಡದ್ದು ಎಂದರೆ ಎಡದ ಸ್ಪೀಕರ್ ಎಂದು ಕ್ಷಣವೂ ಯೋಚಿಸದೆ ತಿಳಿದುಕೊಂಡೆ. ಸ್ಪೀಕರುಗಳ ನಡುವೆ ಬದುಕುವವನಿಗೆ ಎಡದ್ದು ಎಂದರೆ ಇನ್ನೇನು? ಶೆಟ್ಟರು ತಮ್ಮ ಕಿವಿಯ ಬಗ್ಗೆ ಹೇಳಿದ್ದರು. ನಾನು ಅದಕ್ಕೆ ಕೋಣೆಯ ಉತ್ತರ ಕೊಟ್ಟೆ, ಗುಂಡಿ ಒತ್ತಿ ಸರಿ ಮಾಡಿಯೂ ತೋರಿಸಿದೆ. ಎರಡೂ ಕಡೆ ಸಮ ಅನಿಸಿದ ಮೇಲೆ, ಕಿವಿಗೆ ದೊಡ್ಡದೇನೂ ಆಗಿಲ್ಲ, ನೀರು ಹೋಗಿದೆ ಅಷ್ಟೇ ಎಂದು ಅವರೂ ನಂಬಿದರು. ಆ ದಿನ ಅವರ ಮುಖದಲ್ಲಿ ಸಡಿಲವಾದದ್ದು ಏನೆಂದು ಈಗ ತಿಳಿಯಿತು. ಅದು ಹೆದರಿಕೆ.

ಸಂಜೆ ನಾಲ್ಕಕ್ಕೆ ಘಾಟ್‌ಕೋಪರಿನ ಕಿವಿ ತಜ್ಞೆಯೊಬ್ಬರಲ್ಲಿಗೆ ಹೋದೆವು. ಆಡಿಯೋಗ್ರಾಮ್ ಮಾಡಿದರು. ಯಾವ ಸ್ವರ ಎಷ್ಟು ಜೋರಿದ್ದರೆ ಕಿವಿಗೆ ಕೇಳಿಸುತ್ತದೆ ಎಂಬುದನ್ನು ಗೆರೆಯಲ್ಲಿ ತೋರಿಸುವ ಚಿತ್ರ ಅದು. ಸ್ಪೀಕರುಗಳಿಗೂ ನಾವು ಅಂಥದೇ ಗೆರೆ ನೋಡುತ್ತೇವೆ, ಹಾಗಾಗಿ ನನಗೆ ಓದಲು ಬಂತು. ಬಲಗಿವಿಯ ಗೆರೆ ವಯಸ್ಸಿಗೆ ತಕ್ಕಂತೆ ತುದಿಯಲ್ಲಿ ಸ್ವಲ್ಪ ಇಳಿದಿತ್ತು. ಎಡದ್ದು ಇಡಿಯಾಗಿ ಕೆಳಗಿತ್ತು, ಮೇಲಿನ ಸ್ವರಗಳಲ್ಲಿ ಇನ್ನೂ ಕೆಳಗೆ. ನೀರಲ್ಲ, ಮೇಣವೂ ಅಲ್ಲ. ಒಳಗಿವಿಯ ನರಕ್ಕೆ ಸಂಬಂಧಿಸಿದ್ದು. ಹೀಗೆ ಒಮ್ಮೆಲೇ ಬರುವುದುಂಟು, ಕಾರಣ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ ಎಂದರು. ಬೇಗ ಔಷಧಿ ಸಿಕ್ಕಷ್ಟೂ ಮರಳಿ ಬರುವ ಆಸೆ ಹೆಚ್ಚು.

“ಗುರುವಾರ್ ಸೆ ಹೈ, ತೋ ಗುರುವಾರ್ ಕೋ ಕ್ಯೋಂ ನಹೀ ಆಯೆ?” ಗುರುವಾರವೇ ಯಾಕೆ ಬರಲಿಲ್ಲ ಎಂದು ಡಾಕ್ಟರ್ ಕೇಳಿದರು.

ಶೆಟ್ಟರು ಬಲಗಿವಿ ಮುಂದೆ ಮಾಡಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. “ಮೇರೇ ಕೋ ಲಗಾ ಸ್ಪೀಕರ್ ಕಾ ಪ್ರಾಬ್ಲಮ್ ಹೈ,” ಎಂದು ದೋಷವನ್ನು ಸ್ಪೀಕರಿಗೆ ಹಚ್ಚಿದರು. ನನ್ನ ಹೆಸರು ಹೇಳಲಿಲ್ಲ.

ಹೊರಗೆ ಬಂದ ಮೇಲೆ, ತಪ್ಪು ನನ್ನದು ಎಂದು ಅವರಿಗೆ ಹೇಳಿದೆ. “ನೀವು ಪೆಟ್ಟಿಗೆ ಡಾಕ್ಟ್ರು. ನಿಮಗೆ ಕಿವಿ ತೋರಿಸಿದ್ದು ನನ್ನ ತಪ್ಪು,” ಎಂದು ನಗಲು ನೋಡಿದರು. ಗಿರಿಜಕ್ಕ ನಗಲಿಲ್ಲ. ಔಷಧಿಯ ಚೀಟಿಯನ್ನು ಪರ್ಸಿನೊಳಗೆ ಇಟ್ಟು, ಜಿಪ್ ಎಳೆದು, ನನಗೆ ಹೇಳಿದರು:

“ಬುಧವಾರ ಕೇಳ್ತಿದ್ದ ಕಿವಿ, ಗುರುವಾರ ಇಲ್ಲ. ನಾನು ಶುಕ್ರವಾರವೇ ಡಾಕ್ಟ್ರತ್ರ ಹೋಗುವಾ ಅಂದೆ. ಬಡಿಗೇರ್ರು ಸರಿ ಮಾಡಿ ಹೋಗಿದ್ದಾರೆ, ಈಗ ಎರಡೂ ಸಮ ಕೇಳ್ತದೆ ಅಂದ್ರು ಇವರು. ನಿಮ್ಮ ಮೇಲೆ ಸಿಟ್ಟಿಲ್ಲ ನನಗೆ. ಆದ್ರೆ ಹೇಳದೆ ಇರ್ಲಿಕ್ಕೂ ಆಗೂದಿಲ್ಲ.”

ಅವರು ಹೇಳಿದ್ದು ಸರಿಯಿತ್ತು.

ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಆಮೇಲೆ ವಾರಕ್ಕೊಂದರಂತೆ ಕಿವಿಯೊಳಗೇ ಮೂರು ಇಂಜೆಕ್ಷನ್. ಸ್ಪೀಕರುಗಳನ್ನು ವಾಪಸ್ ಒಯ್ಯುತ್ತೇನೆ, ಈಗ ಅವುಗಳ ಯೋಚನೆ ಬೇಡ ಎಂದು ನಾನು ಹೇಳಿದಾಗ ಶೆಟ್ಟರು ಬೇಡವೆಂದರು. ಮಾಲೀಕರೊಡನೆ ಮಾತಾಡಿ ಎರಡೂ ಜೋಡಿಯನ್ನು ಅಲ್ಲೇ ಬಿಟ್ಟೆ. ಇಂಥ ಹೊತ್ತಿನಲ್ಲಿ ಅವು ಆ ಮನೆಯಲ್ಲಿ ಯಾಕಿರಬೇಕು ಎಂದು ನನಗೆ ಅರ್ಥವಾಗಿರಲಿಲ್ಲ.

ಐದು ವಾರದ ನಂತರ, ಮಳೆ ಹಿಡಿದ ಮೇಲೆ, ಅವರೇ ಕರೆದರು. ಬಾಲ್ಕನಿಯ ಬಾಗಿಲು ಮುಚ್ಚಿತ್ತು. ಕುರ್ಚಿ ಮೊದಲಿನ ಜಾಗದಲ್ಲಿತ್ತು. ಸಣ್ಣ ಜೋಡಿ ಸ್ಟ್ಯಾಂಡಿನ ಮೇಲಿತ್ತು. ದೊಡ್ಡದನ್ನು ಗೋಡೆಗೆ ಸರಿಸಿ ಬೆಡ್‌ಶೀಟ್ ಹೊದಿಸಿದ್ದರು. ಶೆಟ್ಟರು ಕೂತು, ತಾವೇ ಹಾಡು ಹಾಕಿ, ಕಣ್ಣು ಮುಚ್ಚಿ ಕೈ ಚಾಚಿದರು. ಬೆರಳು ಬಲಗಡೆಯ ಪೆಟ್ಟಿಗೆಗೆ ಹೋಗಲಿಲ್ಲ. ಗಡಿಯಾರಕ್ಕೂ ಹೋಗಲಿಲ್ಲ. ಎರಡರ ನಡುವೆ ಒಂದು ಕಡೆ ನಿಂತಿತು. ಕಣ್ಣು ಬಿಟ್ಟು, ಚಾಚಿದ ಕೈಯ ಬೆರಳುಗಳನ್ನು ಅಡ್ಡ ಹಿಡಿದು ಗಡಿಯಾರದಿಂದ ಅಲ್ಲಿಯವರೆಗೆ ಅಳೆದರು.

“ಆರು ಬೆರಳು. ಮೊದಲನೇ ವಾರ ಹದಿಮೂರಿತ್ತು. ಆಮೇಲೆ ಹತ್ತು. ಮೊನ್ನೆ ಎಂಟು.”

ದಿನವೂ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅವರು ಹೀಗೆ ಅಳೆಯುತ್ತಿದ್ದರಂತೆ. ಆಸ್ಪತ್ರೆಯ ಗೆರೆ ತಿಂಗಳಿಗೊಂದು ಸಿಗುತ್ತಿತ್ತು. ಇದು ದಿನಕ್ಕೊಂದು.

“ಇದೇ ಇರ್ಲಿ. ಸಣ್ಣದು,” ಎಂದರು.

“ಚೆಂಡೆ ಎದಿಗೆ ಬರೂದಿಲ್ಲ ಅಂದಿದ್ರೆಲ್ರಿ?”

“ದೊಡ್ಡದರಲ್ಲಿ ಅವಳು ಹರಡಿಕೊಂಡಿರ್ತಾಳೆ, ಅರ್ಧ ಗೋಡೆಗೆ. ಎಲ್ಲಿದ್ದಾಳೆ ಅಂತ ಬೆರಳಿಗೆ ಸಿಕ್ಕೂದಿಲ್ಲ. ಇದರಲ್ಲಿ ಒಂದೇ ಜಾಗದಲ್ಲಿ ನಿಲ್ತಾಳೆ. ನನಗೀಗ ಅದೇ ಬೇಕಾದ್ದು.”

ನ್ಯಾಯವಾದ ಮಾತು. ನಮ್ಮಲ್ಲಿ ಅದಕ್ಕೆ ಇಮೇಜಿಂಗ್ ಎನ್ನುತ್ತಾರೆ. ಸಣ್ಣ ಪೆಟ್ಟಿಗೆಗಳು ಅದರಲ್ಲಿ ಮುಂದೆ ಎಂದು ನಾನು ಎಷ್ಟು ಗಿರಾಕಿಗಳಿಗೆ ಹೇಳಿದ್ದೇನೋ. ಯಾರೂ ಅದನ್ನು ಈ ಕಾರಣಕ್ಕೆ ಆರಿಸಿದ್ದಿಲ್ಲ.

ಕೇಳುವ ಸುಖಕ್ಕಾದರೂ ಇರಲಿ ಎಂದು ನಾನು ರಿಮೋಟ್ ಎತ್ತಿಕೊಂಡೆ. ಬ್ಯಾಲೆನ್ಸನ್ನು ಎರಡು ಮೂರು ಸಲ ಒತ್ತಿದರೆ ಆರು ಬೆರಳು ಸೊನ್ನೆಯಾಗುತ್ತದೆ, ಹಾಡುವವಳು ಗಡಿಯಾರದ ಕೆಳಗೆ ಬಂದು ನಿಲ್ಲುತ್ತಾಳೆ. ಶೆಟ್ಟರು ಕೈ ಹಿಡಿದು ತಡೆದರು.

“ಅದನ್ನು ಮುಟ್ಟಬೇಡಿ ಮಾರಾಯ್ರೆ. ಅವಳನ್ನು ನೀವು ಕರ್ಕೊಂಡು ಬಂದ್ರೆ, ನನ್ನ ಕಿವಿ ಎಷ್ಟು ಬಂತು ಅಂತ ನನಗೆ ಗೊತ್ತಾಗೂದು ಹೇಗೆ?”

ಒಳಗಿನಿಂದ ಗಿರಿಜಕ್ಕ ಬಂದು ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡರು. ಅದರ ಬ್ಯಾಲೆನ್ಸ್ ಗುಂಡಿಗಳ ಮೇಲೆ ಬಿಳಿ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದು ಆಗ ಕಣ್ಣಿಗೆ ಬಿತ್ತು. “ನಾನೇ ಹಾಕಿದ್ದು,” ಎಂದರು.

ಆ ಐದು ದಿನ ಕಳೆಯದಿದ್ದರೆ ಅವರ ಕಿವಿ ಪೂರ್ತಿ ಮರಳುತ್ತಿತ್ತೇ? ಇದನ್ನು ನಾನು ಆಮೇಲೆ ಒಬ್ಬನೇ ಹೋಗಿ ಡಾಕ್ಟರಲ್ಲಿ ಕೇಳಿದೆ. ಹೇಳಲಾಗುವುದಿಲ್ಲ, ಬೇಗ ಬಂದವರಲ್ಲೂ ಕೆಲವರಿಗೆ ಮರಳುವುದಿಲ್ಲ, ತಡವಾಗಿ ಬಂದ ಕೆಲವರಿಗೆ ಮರಳುತ್ತದೆ ಎಂದರು. ಅದರಿಂದ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಈಗ ನಾನು ವಾರಕ್ಕೆ ಮೂರು ದಿನ ಮಾತ್ರ ಅಂಗಡಿಗೆ ಹೋಗುತ್ತೇನೆ. ಡೆಮೊ ಕೋಣೆಯಲ್ಲಿದ್ದ ಸೋಫಾ ತೆಗೆಸಿ, ತಿರುಗುವ ಕುರ್ಚಿ ಹಾಕಿಸಿದ್ದೇನೆ. ಇದು ಸೆಲೂನಿನ ಹಾಗೆ ಕಾಣುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಕಾಣಲಿ. ಒಂದು ಕಡೆ ಕಮ್ಮಿ ಎಂದು ಯಾರು ಹೇಳಿದರೂ ನಾನು ಗುಂಡಿ ಮುಟ್ಟುವ ಮೊದಲು ಕುರ್ಚಿ ತಿರುಗಿಸುತ್ತೇನೆ, ಅವರು ಎಷ್ಟೇ ದೊಡ್ಡವರಿರಲಿ. ಕೇಳುವುದಿಲ್ಲ ಎಂದರೆ ಯಾವುದು ಎಂದು ಕೇಳುತ್ತೇನೆ: ಪೆಟ್ಟಿಗೆಯೋ, ನಿಮ್ಮ ಕಿವಿಯೋ? ಕೆಲವರಿಗೆ ಅದು ಅವಮಾನ ಅನಿಸುತ್ತದೆ. ಅಲ್ಲಿಂದೀಚೆಗೆ ನಾನು ಹಾಗೆ ಪ್ರಶ್ನಿಸಿದವರಲ್ಲಿ ಒಬ್ಬರನ್ನು ಅದೇ ದಿನ ಘಾಟ್‌ಕೋಪರಿನ ಆ ಡಾಕ್ಟರಲ್ಲಿಗೆ ಕಳಿಸಿದ್ದೇನೆ. ಸರಿ ಮಾಡಬಲ್ಲವನ ಕೈಗೆ ದೋಷ ಅಡಗಿಸುವುದೂ ಅಷ್ಟೇ ಸುಲಭ. ಈ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಿಗೆ ಉಳಿದ ತಿಳಿವಳಿಕೆ ಅದು.

ಶೆಟ್ಟರು ಬಹಳ ದಿನ ವಾಟ್ಸಾಪಿನಲ್ಲಿ ಒಂದೊಂದೇ ಸಾಲು ಕಳಿಸುತ್ತಿದ್ದರು. ಐದು ಬೆರಳು. ನಾಲ್ಕು. ದೀಪಾವಳಿಯ ಹೊತ್ತಿಗೆ ಎರಡೂವರೆ. ಆಮೇಲೆ ಅದು ಎರಡಕ್ಕೆ ಬಂದು ನಿಂತಿತು. ಡಾಕ್ಟರು ಇನ್ನು ಹೆಚ್ಚೇನೂ ಬರಲಾರದು ಎಂದಿದ್ದಾರಂತೆ. ಸಾಲುಗಳು ವಾರಕ್ಕೊಂದಾದವು, ತಿಂಗಳಿಗೊಂದಾದವು, ಆದರೆ ನಿಂತಿಲ್ಲ. ಈ ಬರಹ ಮುಗಿಸುವ ದಿನ ಬೆಳಿಗ್ಗೆಯೂ ಒಂದು ಬಂದಿದೆ. ಈ ಸಲ ಟೈಪ್ ಮಾಡಿದ್ದಲ್ಲ, ಮಾತು. ಹಿಂದೆ ತಂಬೂರಿ ಕೇಳಿಸುತ್ತಿದೆ.

“ಇವತ್ತೂ ಎರಡೇ ಬೆರಳು ಬಡಿಗೇರ್ರೆ. ಇರ್ಲಿ. ಅವಳು ಅಲ್ಲೇ ನಿಂತು ಹಾಡ್ತಾಳೆ, ನಾನೇ ಅವಳ ಕಡೆಗೆ ತಿರುಗಿ ಕೂತು ಕೇಳ್ತೇನೆ.”